ರೋಮನ್ ವಿಜಯ ನಾಣ್ಯಗಳನ್ನು ಓದುವ ಬಗೆ

ರೋಮನ್ ನಾಣ್ಯ ಎಂದ ಕೂಡಲೇ ಎಲ್ಲರ ಕಣ್ಣೂ ಚಕ್ರವರ್ತಿಯ ಮುಖದ ಮೇಲೆ ಬೀಳುತ್ತದೆ. ಯುದ್ಧ ಗೆದ್ದ ಸುದ್ದಿ ಇರುವುದು ಮಾತ್ರ ಸಾಮಾನ್ಯವಾಗಿ ಹಿಂಬದಿಯಲ್ಲಿ. ಅಲ್ಲಿ ರೆಕ್ಕೆಯ ಹೆಣ್ಣೊಬ್ಬಳು ಹಾರ ಹಿಡಿದು ನಿಂತಿರಬಹುದು, ಖರ್ಜೂರದ ಮರದ ಬುಡದಲ್ಲಿ ಒಬ್ಬಳು ತಲೆಗೆ ಕೈಕೊಟ್ಟು ಕೂತಿರಬಹುದು, ಸರಪಳಿ ಬಿಗಿದ ಮೊಸಳೆಯೂ ಇರಬಹುದು. ಇವೆಲ್ಲ ಸರ್ಕಾರಿ ಪ್ರಕಟಣೆಗಳು. ಸರ್ಕಾರಿ ಪ್ರಕಟಣೆ ಅಂದಮೇಲೆ ಅದರಲ್ಲಿ ನಿಜವೂ ಇರುತ್ತದೆ, ಉಬ್ಬಿಸಿದ್ದೂ ಇರುತ್ತದೆ, ಒಮ್ಮೊಮ್ಮೆ ದುಡ್ಡು ಕೊಟ್ಟು ಪಾರಾಗಿ ಬಂದದ್ದನ್ನೇ ಸಾಧನೆ ಎಂದು ಸಾರಿದ್ದೂ ಇರುತ್ತದೆ. ನಾಣ್ಯ ಏನು ಹೇಳುತ್ತಿದೆ, ಯಾವಾಗ ಹೇಳುತ್ತಿದೆ, ಆಗ ನಿಜಕ್ಕೂ ನಡೆದದ್ದೇನು ಎಂಬ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಹೇಗೆಂದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಸಲಕರಣೆ ಹೆಚ್ಚೇನೂ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ಗ್ರಾಂನ ನೂರನೇ ಒಂದು ಭಾಗವನ್ನೂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ, ಮೊಬೈಲ್ ಟಾರ್ಚ್, ಒಂದು ನೋಟ್‌ಬುಕ್. ಕೈಯಲ್ಲಿ ನಾಣ್ಯವೇ ಇಲ್ಲದಿದ್ದರೂ ಅಡ್ಡಿಯಿಲ್ಲ. ವಸ್ತುಸಂಗ್ರಹಾಲಯಗಳ ಜಾಲತಾಣದಲ್ಲಿರುವ ಒಳ್ಳೆಯ ಫೋಟೊ ಇಟ್ಟುಕೊಂಡೇ ಮುಕ್ಕಾಲು ಪಾಲು ಅಭ್ಯಾಸ ಮಾಡಬಹುದು.

ಹೆಜ್ಜೆ 1: ಲೋಹ, ತೂಕ, ಅಗಲ

ಚಿತ್ರ ನೋಡುವ ಮೊದಲೇ ಇವನ್ನು ಬರೆದಿಟ್ಟುಕೊಳ್ಳಿ. ಚಿನ್ನದ್ದು ಆರಿಯಸ್: ಜೂಲಿಯಸ್ ಸೀಸರನ ಕಾಲದಲ್ಲಿ ಸುಮಾರು 8 ಗ್ರಾಂ, ನೀರೊ ಇಳಿಸಿದ ಮೇಲೆ 7.3 ಗ್ರಾಂ ಆಸುಪಾಸು. ಬೆಳ್ಳಿಯದು ಡಿನೇರಿಯಸ್: ಚಕ್ರವರ್ತಿಗಳು ಬರುವ ಮುಂಚಿನ ಗಣರಾಜ್ಯದ ಕೊನೆಗಾಲದಲ್ಲಿ 3.9 ಗ್ರಾಂ ಹತ್ತಿರ, ನೀರೊ ನಂತರ 3.4ರ ಹತ್ತಿರ. ಸೆಸ್ಟರ್ಷಿಯಸ್ ಎಂಬುದು ದೊಡ್ಡ ಹಿತ್ತಾಳೆ ನಾಣ್ಯ. 25 ಗ್ರಾಂ ಸುಮಾರು ತೂಗುತ್ತದೆ, ಅಗಲ 33ರಿಂದ 35 ಮಿಲಿಮೀಟರ್. ಆಸ್ ತಾಮ್ರದ್ದು, ಹೆಚ್ಚುಕಡಿಮೆ 11 ಗ್ರಾಂ. ಒಂದು ಆರಿಯಸ್‌ಗೆ 25 ಡಿನೇರಿಯಸ್, ಒಂದು ಡಿನೇರಿಯಸ್‌ಗೆ 4 ಸೆಸ್ಟರ್ಷಿಯಸ್ ಅಥವಾ 16 ಆಸ್.

ಲೋಹಕ್ಕೂ ಗೆಲುವಿನ ಸುದ್ದಿಗೂ ಏನು ಸಂಬಂಧ? ಜಾಗದ ಸಂಬಂಧ. ಸೆಸ್ಟರ್ಷಿಯಸ್ ದೊಡ್ಡದಾದ್ದರಿಂದ ಅಚ್ಚು ಕೆತ್ತುವವನಿಗೆ ಕೈಯಾಡಿಸಲು ಅವಕಾಶ ಹೆಚ್ಚು. ಮರ, ಸೆರೆಯಾಳು, ಚಕ್ರವರ್ತಿ, ಪೂರ್ತಿ ಬರಹ, ಎಲ್ಲವನ್ನೂ ಹಿಡಿಸಬಲ್ಲ. ಡಿನೇರಿಯಸ್‌ನಲ್ಲಿ ಅದೇ ಸುದ್ದಿ ಮೂರು ಮೂರು ಅಕ್ಷರಕ್ಕೆ ಇಳಿಯುತ್ತದೆ. ಹಾಗಾಗಿ ಬೆಳ್ಳಿ ನಾಣ್ಯ ಅರ್ಥವಾಗದೆ ತಡವರಿಸಿದಾಗ, ಅದೇ ಚಕ್ರವರ್ತಿಯ ಅದೇ ಯುದ್ಧದ ಹಿತ್ತಾಳೆ ನಾಣ್ಯ ಹುಡುಕಿ. ಕಥೆಯೆಲ್ಲ ಅಲ್ಲಿ ಬಿಡಿಸಿ ಹೇಳಿರುತ್ತದೆ.

ಹೆಜ್ಜೆ 2: ಅಕ್ಷರ ಹಿಡಿಯುವುದು

ನಾಣ್ಯವನ್ನು ಕಪ್ಪು ಬಟ್ಟೆಯ ಮೇಲಿಟ್ಟು ಟಾರ್ಚನ್ನು ಪಕ್ಕದಿಂದ, ಮೇಜಿಗೆ ತಾಗುವಷ್ಟು ತಗ್ಗಿನಲ್ಲಿ ಹಿಡಿಯಿರಿ. ಮೇಲಿನಿಂದ ಬೆಳಕು ಬಿಟ್ಟರೆ ಸವೆದ ಅಕ್ಷರ ಮಾಯವಾಗುತ್ತದೆ. ಪಕ್ಕದಿಂದ ಬಿಟ್ಟರೆ ನೆರಳು ಬಿದ್ದು ಎದ್ದು ಕಾಣುತ್ತದೆ. ನಾಣ್ಯವನ್ನು ನಿಧಾನವಾಗಿ ಸುತ್ತ ತಿರುಗಿಸಿ. ಒಂದು ಕೋನದಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುತ್ತದೆ.

ಬರಹ ಸಾಮಾನ್ಯವಾಗಿ ಗಡಿಯಾರದ ಏಳು ಗಂಟೆಯ ಜಾಗದಲ್ಲಿ ಶುರುವಾಗಿ ಬಲಸುತ್ತು ಸಾಗುತ್ತದೆ. ಮೊದಮೊದಲ ಚಕ್ರವರ್ತಿಗಳ ಕೆಲವು ನಾಣ್ಯಗಳಲ್ಲಿ ಎಡಸುತ್ತೂ ಉಂಟು. ಪದಗಳ ನಡುವೆ ಬಿಡುವು ಇರುವುದೇ ಅಪರೂಪ. ಇಂಗ್ಲಿಷಿನ ಯು ಅಕ್ಷರ ನಾಣ್ಯದಲ್ಲಿ ಇಲ್ಲವೇ ಇಲ್ಲ. ಅದರ ಕೆಲಸವನ್ನೂ ವಿ ಅಕ್ಷರವೇ ಮಾಡುತ್ತದೆ. ಜೆ ಕೂಡ ಇಲ್ಲ, ಐ ಅಕ್ಷರವೇ ಸಾಕು. ಇದು ತಿಳಿಯದೆ ಯೂದಾಯದ (ಜೆರುಸಲೇಮ್ ಸುತ್ತಲಿನ ಯೆಹೂದ್ಯರ ನಾಡು) ನಾಣ್ಯದ ಮುಂದೆ ಕೂತರೆ ಐ, ವಿ, ಡಿ ಎಂದು ಶುರುವಾಗುವ ಪದ ಏನೆಂದೇ ಹೊಳೆಯುವುದಿಲ್ಲ.

ಪದಗಳನ್ನೆಲ್ಲ ಕತ್ತರಿಸಿಯೇ ಬರೆಯುತ್ತಾರೆ. ಎ-ವಿ-ಜಿ ಎಂದರೆ ಆಗಸ್ಟಸ್, ಅಂದರೆ ಚಕ್ರವರ್ತಿ. ಕೊನೆಯಲ್ಲಿ ಜಿ ಎರಡಿದ್ದರೆ ಚಕ್ರವರ್ತಿಗಳು ಇಬ್ಬರು, ಮೂರಿದ್ದರೆ ಮೂವರು. ಐ-ಎಂ-ಪಿ ಎಂದರೆ ಇಂಪೆರೇಟರ್, ಗೆದ್ದ ಸೇನಾಪತಿಯ ಬಿರುದು. ಪಿ-ಎಂ ಪ್ರಧಾನ ಪುರೋಹಿತ. ಟಿ-ಆರ್-ಪಿ ಟ್ರಿಬ್ಯೂನ್, ಅಂದರೆ ಜನಪ್ರತಿನಿಧಿಯ ಅಧಿಕಾರ. ಸಿ-ಒ-ಎಸ್ ಕಾನ್ಸಲ್ ಎಂಬ ಅತ್ಯುನ್ನತ ಅಧಿಕಾರಿ ಪದವಿ; ಪಕ್ಕದ ಅಂಕಿ ಅದು ಎಷ್ಟನೇ ಸಲ ಎಂಬ ಲೆಕ್ಕ. ಪಿ-ಪಿ ರಾಷ್ಟ್ರಪಿತ. ಹಿತ್ತಾಳೆ, ತಾಮ್ರದ ನಾಣ್ಯಗಳ ಹಿಂಬದಿಯಲ್ಲಿ ದೊಡ್ಡದಾಗಿ ಎಸ್-ಸಿ ಕಾಣುತ್ತದೆ; ಸೆನೆಟ್ಟಿನ ನಿರ್ಣಯದಂತೆ ಎಂದು ಅರ್ಥ. ಹೊಸಬರು ಇದನ್ನು ಗೆಲುವಿನ ಬರಹದ ಭಾಗವೆಂದು ತಿಳಿಯುವುದುಂಟು. ಅಲ್ಲ.

ಹೆಜ್ಜೆ 3: ಮುಂಬದಿಯ ಬಿರುದಾವಳಿಯಿಂದ ವರ್ಷ ತೆಗೆಯುವುದು

ನಮ್ಮ ಶಾಸನ ಓದಿ ಅಭ್ಯಾಸವಿದ್ದವರಿಗೆ ಈ ಹಂತ ಸಲೀಸು. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದಮೇಲೆ 'ತಲಕಾಡುಗೊಂಡ' ಎಂದು ಬಿರುದು ಹಾಕಿಕೊಂಡ, ಚಿನ್ನದ ನಾಣ್ಯದ ಮೇಲೂ 'ಶ್ರೀ ತಳಕಾಡುಗೊಂಡ' ಎಂದು ಕನ್ನಡದಲ್ಲೇ ಹಾಕಿಸಿದ. 'ಶ್ರೀ ನೊಣಂಬವಾಡಿಗೊಂಡ' ಎಂಬ ನಾಣ್ಯವೂ ಅವನದೇ. ರೋಮನ್ನರದೂ ಇದೇ ಕ್ರಮ. ಡೇಸಿಯಾ (ಈಗಿನ ರೊಮೇನಿಯಾ ಭಾಗ) ಗೆದ್ದವನು ಡಾಕಿಕಸ್, ಪಾರ್ಥಿಯಾ (ಈಗಿನ ಇರಾನ್ ಕಡೆಯ ಸಾಮ್ರಾಜ್ಯ) ಗೆದ್ದವನು ಪಾರ್ಥಿಕಸ್, ಜರ್ಮನ್ನರನ್ನು ಸೋಲಿಸಿದವನು ಜರ್ಮಾನಿಕಸ್, ಬ್ರಿಟನ್ನಿನಲ್ಲಿ ಗೆದ್ದವನು ಬ್ರಿಟಾನಿಕಸ್. ಬಿರುದು ಬಂದ ವರ್ಷ ಗೊತ್ತಿದ್ದರೆ ನಾಣ್ಯ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ಚಕ್ರವರ್ತಿ ಟ್ರೇಜನ್ನನ್ನೇ ತೆಗೆದುಕೊಳ್ಳಿ. ಡೇಸಿಯಾದ ಮೇಲೆ ಅವನು ಎರಡು ಸಲ ಯುದ್ಧ ಮಾಡಿದ: 101–102ರಲ್ಲಿ, ಮತ್ತೆ 105–106ರಲ್ಲಿ. ಡಾಕಿಕಸ್ ಬಿರುದು ಬಂದದ್ದು 102ರ ಕೊನೆಗೆ. ಅವನ ನಾಣ್ಯದಲ್ಲಿ ಜಿ-ಇ-ಆರ್ ಮಾತ್ರ ಇದ್ದು ಡಿ-ಎ-ಸಿ ಇಲ್ಲದಿದ್ದರೆ ಅದು ಮೊದಲ ಯುದ್ಧ ಮುಗಿಯುವ ಮುಂಚಿನದು. ಕಾನ್ಸಲ್ ಅಂಕಿ ಐದು ಇದ್ದರೆ 103ರಿಂದ 111ರೊಳಗೆ, ಆರು ಇದ್ದರೆ 112ರ ನಂತರ. ಪಾರ್ಥಿಕಸ್ ಸೇರಿದ್ದರೆ 116 ಅಥವಾ 117. ಹೀಗೆ ನಾಲ್ಕಾರು ಅಕ್ಷರದಿಂದ ನಾಣ್ಯವನ್ನು ಸರಿಯಾದ ಯುದ್ಧದ ಪಕ್ಕ ಕೂರಿಸಬಹುದು.

ಟ್ರಿಬ್ಯೂನ್ ಅಧಿಕಾರದ ಅಂಕಿ ಇದ್ದರಂತೂ ಇನ್ನೂ ನಿಖರ. ಅದು ವರ್ಷಕ್ಕೊಮ್ಮೆ ನವೀಕರಣವಾಗುತ್ತಿತ್ತು. ಮಾರ್ಕಸ್ ಆರೀಲಿಯಸ್‌ನ ಒಂದು ಡಿನೇರಿಯಸ್‌ನಲ್ಲಿ ಟಿ-ಆರ್-ಪಿ 18 ಎಂದಿದೆ, ಚಿತ್ರದಲ್ಲಿ ಅರ್ಮೇನಿಯಾ ದುಃಖಿಸುತ್ತ ನೆಲದ ಮೇಲೆ ಕೂತಿದೆ, ಕೆಳಗೆ ಎ-ಆರ್-ಎಂ-ಇ-ಎನ್. ಅವನ ಲೆಕ್ಕಕ್ಕೆ 146ಕ್ಕೆ ಆ ಅಂಕಿ ಕೂಡಿದರೆ ಸಾಕು: 164. ಅರ್ಮೇನಿಯಾದ ಗೆಲುವು 163ರದು. ಸುದ್ದಿ ಹಳಸುವ ಮೊದಲೇ ಟಂಕಸಾಲೆ ಕೆಲಸ ಮುಗಿಸಿದೆ.

ಇಲ್ಲೊಂದು ಹಳ್ಳವಿದೆ, ಎಚ್ಚರ. ಕ್ಲಾಡಿಯಸ್, ನೀರೊ ಇಬ್ಬರ ನಾಣ್ಯದಲ್ಲೂ ಜರ್ಮಾನಿಕಸ್ ಎಂದಿರುತ್ತದೆ. ಅದು ಅವರು ಗೆದ್ದು ಗಳಿಸಿದ್ದಲ್ಲ, ಮನೆತನದಿಂದ ಬಂದ ಹೆಸರು. ಮೊದಲ ಶತಮಾನದ ನಾಣ್ಯದಲ್ಲಿ ಜರ್ಮಾನಿಕಸ್ ಕಂಡ ಕೂಡಲೇ ಯುದ್ಧ ಹುಡುಕಲು ಹೊರಡಬೇಡಿ. ಇನ್ನು ಇಂಪೆರೇಟರ್ ಪಕ್ಕದ ಅಂಕಿ, ಸೈನ್ಯ ಗೆಲುವಿನ ಜಯಕಾರ ಹಾಕಿದ್ದು ಎಷ್ಟು ಸಲ ಎಂಬುದರ ಲೆಕ್ಕ. ಯುದ್ಧಭೂಮಿಯ ಮುಖ ಕಂಡದ್ದೇ ಕಡಿಮೆಯಾದ ಕ್ಲಾಡಿಯಸ್ ಅದನ್ನು 27ರವರೆಗೆ ಏರಿಸಿಕೊಂಡ.

ಹೆಜ್ಜೆ 4: ಹಿಂಬದಿಯಲ್ಲಿ ಸೋತವನನ್ನು ಹುಡುಕಿ

ಗೆದ್ದವರು ಎಲ್ಲ ನಾಣ್ಯದಲ್ಲೂ ಒಂದೇ: ರೋಮ್. ವ್ಯತ್ಯಾಸ ಇರುವುದು ಸೋತವರಲ್ಲಿ. ಆದ್ದರಿಂದ ರೆಕ್ಕೆಯ ವಿಕ್ಟೋರಿಯಾ ದೇವತೆಯನ್ನು ಬಿಟ್ಟು ಮೊದಲು ಅವಳ ಕಾಲ ಬಳಿ ನೋಡಿ.

ಬಹಳ ನಾಣ್ಯಗಳಲ್ಲಿ ನಡುವೆ ಒಂದು ಕಂಬ ಕಾಣುತ್ತದೆ, ಅದಕ್ಕೆ ಶಿರಸ್ತ್ರಾಣ, ಎದೆಕವಚ, ಗುರಾಣಿ ತೊಡಿಸಿರುತ್ತಾರೆ. ದೂರದಿಂದ ಬೆದರುಗೊಂಬೆಯಂತೆ ಕಾಣುವ ಇದು ವಿಜಯಕಂಬ, ಟ್ರೋಫಿ. ಶತ್ರುವಿನಿಂದ ಕಿತ್ತ ಆಯುಧಗಳನ್ನು ಮರದ ಕಾಂಡಕ್ಕೆ ಕಟ್ಟಿ ನಿಲ್ಲಿಸುತ್ತಿದ್ದ ಪದ್ಧತಿಯ ಚಿತ್ರ ಅದು. ಆ ಆಯುಧಗಳೇ ಶತ್ರುವಿನ ಗುರುತಿನ ಚೀಟಿ. ಹಂದಿಮೋರೆಯ ಉದ್ದನೆಯ ಕಹಳೆ, ನೀಳ ಗುರಾಣಿ, ಕೆದರಿದ ಕೂದಲು ಇದ್ದರೆ ಗಾಲರು, ಅಂದರೆ ಈಗಿನ ಫ್ರಾನ್ಸ್ ಕಡೆಯವರು. ಜೂಲಿಯಸ್ ಸೀಸರ್ ಕ್ರಿ.ಪೂ. 48ರ ಸುಮಾರಿಗೆ ಹೊರಡಿಸಿದ ಡಿನೇರಿಯಸ್‌ನಲ್ಲಿ ಈ ಕಹಳೆ ಸ್ಪಷ್ಟವಾಗಿದೆ. ಆ ನಾಣ್ಯದ ಮುಂಬದಿಯಲ್ಲಿ ದೇವತೆಯ ತಲೆಯ ಹಿಂದೆ 52 ಎಂಬ ರೋಮನ್ ಅಂಕಿ ಇದ್ದು, ಅದನ್ನು ಸೀಸರನ ವಯಸ್ಸೆಂದೇ ಸಾಮಾನ್ಯವಾಗಿ ಓದುತ್ತಾರೆ. ಬಾಗಿದ ಕತ್ತಿ, ಮಡಿಚಿದ ಟೋಪಿ ಇದ್ದರೆ ಡೇಸಿಯನ್ನರು. ಬಿಲ್ಲು, ಬತ್ತಳಿಕೆ, ಚೂಪು ಟೋಪಿ ಇದ್ದರೆ ಪೂರ್ವದವರು, ಪಾರ್ಥಿಯನ್ ಅಥವಾ ಅರ್ಮೇನಿಯನ್. ಆರು ಮೂಲೆಯ ಗುರಾಣಿ ಹೆಚ್ಚಾಗಿ ಜರ್ಮನ್ನರ ಗುರುತು. ಒಂಟೆ ಇದ್ದರೆ ಅರೇಬಿಯಾ.

ಮೊಸಳೆ ಇದ್ದರೆ ಈಜಿಪ್ಟ್. ಕ್ರಿ.ಪೂ. 31ರ ಆಕ್ಟಿಯಮ್ ನೌಕಾಯುದ್ಧದ ನಂತರ ಆಂಟನಿ, ಕ್ಲಿಯೋಪಾತ್ರಾ ಇಬ್ಬರ ಕಥೆ ಮುಗಿಯಿತು. ಕ್ರಿ.ಪೂ. 28ರಲ್ಲಿ ಆಕ್ಟೇವಿಯನ್ (ಮುಂದೆ ಆಗಸ್ಟಸ್ ಎಂದು ಹೆಸರಾದವನು) ಬೆಳ್ಳಿ ನಾಣ್ಯದಲ್ಲಿ ಒಂದೇ ಒಂದು ಮೊಸಳೆ ಹಾಕಿಸಿ 'ಈಜಿಪ್ಟ್ ವಶ' ಎಂದು ಬರೆಸಿದ. ನನ್ನ ಮಟ್ಟಿಗೆ ರೋಮನ್ ವಿಜಯ ನಾಣ್ಯಗಳಲ್ಲಿ ಇದಕ್ಕಿಂತ ಚೊಕ್ಕವಾದದ್ದು ಇನ್ನೊಂದಿಲ್ಲ. ಇವನು ಸೋಲಿಸಿದ್ದು ಮೂಲತಃ ಇನ್ನೊಬ್ಬ ರೋಮನ್ ಸೇನಾಪತಿಯನ್ನು. ನಾಣ್ಯದಲ್ಲಿ ಆಂಟನಿಯ ಸುಳಿವೂ ಇಲ್ಲ, ಇರುವುದು ಪರದೇಶದ ಪ್ರಾಣಿ. ಅದೇ ಮೊಸಳೆ ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣದ ತಾಮ್ರದ ನಾಣ್ಯಗಳಲ್ಲೂ ಇದೆ: ಖರ್ಜೂರದ ಮರಕ್ಕೆ ಸರಪಳಿಯಲ್ಲಿ ಕಟ್ಟಿದೆ, ಇನ್ನೊಂದು ಬದಿಯಲ್ಲಿ ಆಗಸ್ಟಸ್ ಮತ್ತು ಆಕ್ಟಿಯಮ್‌ನಲ್ಲಿ ಅವನಿಗಾಗಿ ಗೆದ್ದ ಅಗ್ರಿಪ್ಪ ಬೆನ್ನಿಗೆ ಬೆನ್ನು. ಚಿಲ್ಲರೆಗಾಗಿ ಅರ್ಧಕ್ಕೆ ಕತ್ತರಿಸಿದ ಇಂಥ ನಾಣ್ಯಗಳು ಸಾಕಷ್ಟು ಸಿಗುತ್ತವೆ, ಹಾಗಾಗಿ ಅರ್ಧ ಮೊಸಳೆ ಕಂಡರೆ ಗಾಬರಿ ಬೇಡ. ನೀಮ್ ಪಟ್ಟಣದ ಲಾಂಛನ ಇವತ್ತಿಗೂ ಅದೇ ಮೊಸಳೆ.

ಈಗ ಒಂದು ನಾಣ್ಯವನ್ನು ಹತ್ತಿರದಿಂದ ನೋಡೋಣ. ವೆಸ್ಪಾಸಿಯನ್ನನ ಸೆಸ್ಟರ್ಷಿಯಸ್. ಮುಂಬದಿಯಲ್ಲಿ ದಪ್ಪ ಕತ್ತಿನ, ಬೋಳುತಲೆಯ, ಲಾರೆಲ್ ಎಲೆಯ ಕಿರೀಟ ತೊಟ್ಟ ಮುಖ. ಬರಹದ ಕೊನೆಗೆ ಕಾನ್ಸಲ್ 3, ಅಂದರೆ ಕ್ರಿ.ಶ. 71. ಹಿಂಬದಿಯ ನಡುವೆ ನೆಟ್ಟಗೆ ಖರ್ಜೂರದ ಮರ, ಎಲೆಗಳ ಕೆಳಗೆ ಎರಡೂ ಕಡೆ ಹಣ್ಣಿನ ಗೊನೆ. ಎಡಕ್ಕೆ ಸೈನಿಕ ಉಡುಪಿನ ಚಕ್ರವರ್ತಿ, ಒಂದು ಕೈಯಲ್ಲಿ ಈಟಿ, ಇನ್ನೊಂದರಲ್ಲಿ ಗಿಡ್ಡ ಕತ್ತಿ. ಎಡಗಾಲು ಶಿರಸ್ತ್ರಾಣವೊಂದರ ಮೇಲೆ. ಬಲಕ್ಕೆ ಹೆಣ್ಣೊಬ್ಬಳು ಅವನಿಗೆ ಬೆನ್ನು ಹಾಕಿ ಕೂತಿದ್ದಾಳೆ, ತಲೆ ಕೈಮೇಲೆ ವಾಲಿದೆ. ಅವಳೇ ಯೂದಾಯ. ಸುತ್ತ 'ಯೂದಾಯ ಕಾಪ್ಟಾ', ಕೆಳಗೆ ಎಸ್-ಸಿ. ಇದೇ ಸರಣಿಯ ಇನ್ನೊಂದು ಬಗೆಯಲ್ಲಿ ಚಕ್ರವರ್ತಿಯ ಜಾಗದಲ್ಲಿ ಕೈಕಟ್ಟಿಸಿಕೊಂಡ ಗಂಡು ಸೆರೆಯಾಳು ನಿಂತಿರುತ್ತಾನೆ. ನಿಮ್ಮ ನಾಣ್ಯ ಯಾವ ಬಗೆ ಎಂಬುದನ್ನು ಆ ಕೈಗಳಿಂದಲೇ ಗುರುತಿಸಿ: ಈಟಿ ಹಿಡಿದಿವೆಯೋ, ಕಟ್ಟಿವೆಯೋ.

ಹೆಜ್ಜೆ 5: ಕ್ರಿಯಾಪದವನ್ನು ಇತಿಹಾಸದ ಎದುರು ನಿಲ್ಲಿಸಿ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದೇ. ಟಂಕಸಾಲೆಯವರು ಪದ ಬಳಸುವಾಗ ನಾವು ಅಂದುಕೊಳ್ಳುವುದಕ್ಕಿಂತ ಲೆಕ್ಕಾಚಾರದವರು. ಕಾಪ್ಟಾ ಎಂದರೆ ವಶಪಡಿಸಿಕೊಂಡದ್ದು. ಡೆವಿಕ್ಟಾ ಪೂರ್ತಿ ಸೋಲಿಸಿದ್ದು. ಸುಬಾಕ್ಟಾ ಅಡಿಯಾಳಾಗಿಸಿದ್ದು. ರೆಸೆಪ್ಟಾ ಮರಳಿ ಪಡೆದದ್ದು. ಅಡ್‌ಕ್ವಿಸಿಟಾ ಸೇರಿಸಿಕೊಂಡದ್ದು. ರೆಕ್ಸ್ ಡಾಟುಸ್ ಎಂದರೆ ಆ ನಾಡಿಗೆ ನಾವೇ ಒಬ್ಬ ರಾಜನನ್ನು ಕೊಟ್ಟೆವು ಎಂದು. ಟ್ರೇಜನ್ ಡೇಸಿಯಾಕ್ಕೆ ಕಾಪ್ಟಾ ಎಂದ. ಅಲ್ಲಿ ನಿಜಕ್ಕೂ ಯುದ್ಧ ನಡೆದಿತ್ತು, ಅದರ ರಾಜ ಡೆಸೆಬಾಲಸ್ ಪ್ರಾಣ ಕಳೆದುಕೊಂಡಿದ್ದ. 106ರಲ್ಲಿ ಅರೇಬಿಯಾ ಕೈಸೇರಿದಾಗ ಅದೇ ಟ್ರೇಜನ್ ಒಂಟೆ ಹಾಕಿಸಿ ಅಡ್‌ಕ್ವಿಸಿಟಾ ಎಂದಷ್ಟೇ ಬರೆಸಿದ. ದೊಡ್ಡ ಯುದ್ಧವಿಲ್ಲದೆ ಸೇರಿಸಿಕೊಂಡ ನಾಡಿಗೆ ದೊಡ್ಡ ಪದ ಹಾಕಿಸಲಿಲ್ಲ.

ಪದ ಅಳೆದು ತೂಗಿ ಹಾಕಿದ್ದಾಗಿ, ಚಿತ್ರ ಮಾತ್ರ ಉಬ್ಬಿಸುವುದೂ ಉಂಟು. ಕ್ರಿ.ಪೂ. 53ರಲ್ಲಿ ಕಾರ್ರೆ ಬಳಿ ರೋಮನ್ ಸೇನಾಪತಿ ಕ್ರಾಸಸ್‌ನ ಸೈನ್ಯವನ್ನು ಪಾರ್ಥಿಯನ್ನರು ನುಚ್ಚುನೂರು ಮಾಡಿ ರೋಮನ್ ಪಡೆಗಳ ಧ್ವಜಗಳನ್ನು ಕಿತ್ತುಕೊಂಡಿದ್ದರು. ಆಗಸ್ಟಸ್ ಕ್ರಿ.ಪೂ. 20ರಲ್ಲಿ ಅವನ್ನು ಮರಳಿ ತರಿಸಿದ್ದು ಮಾತುಕತೆಯಿಂದ. ನಾಣ್ಯದ ಬರಹ ಪ್ರಾಮಾಣಿಕವಾಗಿಯೇ ಇದೆ: 'ಧ್ವಜಗಳು ಮರಳಿ ಬಂದವು.' ಚಿತ್ರದಲ್ಲಿ ಮಾತ್ರ ಪಾರ್ಥಿಯನ್ ಒಬ್ಬ ಮಂಡಿಯೂರಿ ಧ್ವಜ ಒಪ್ಪಿಸುತ್ತಿದ್ದಾನೆ. ಓದಬಲ್ಲವನಿಗೆ ಒಂದು ಸುದ್ದಿ, ಓದಲು ಬಾರದವನಿಗೆ ಇನ್ನೊಂದು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಬರಹ, ಚಿತ್ರ ಎರಡಕ್ಕೂ ಬೇರೆ ಬೇರೆ ಸಾಲು ಇಡಿ.

ಕಾಪ್ಟಾ ಎಂದಿದ್ದರೂ ಕೇಳಬೇಕಾದ ಪ್ರಶ್ನೆಗಳಿವೆ. ಯೂದಾಯ ಕ್ರಿ.ಶ. 6ರಿಂದಲೇ ರೋಮಿನ ಆಳ್ವಿಕೆಗೆ ಬಂದಿದ್ದ ನಾಡು. 66ರಲ್ಲಿ ದಂಗೆ ಎದ್ದಿತು, 70ರಲ್ಲಿ ವೆಸ್ಪಾಸಿಯನ್ನನ ಮಗ ಟೈಟಸ್ ಜೆರುಸಲೇಮನ್ನು ಹಿಡಿದು ದೇವಾಲಯ ಸುಟ್ಟ. ಅಂದರೆ ಅದು ತನ್ನದೇ ಪ್ರಾಂತದ ದಂಗೆ ಹತ್ತಿಕ್ಕಿದ್ದು. ಅದನ್ನು ಹೊಸ ದೇಶ ಗೆದ್ದಂತೆ ಸಾರಿದ್ದು ಏಕೆ? 69ರಲ್ಲಿ ನಾಲ್ವರು ಚಕ್ರವರ್ತಿಗಳ ಅಂತರ್ಯುದ್ಧದಲ್ಲಿ ವೆಸ್ಪಾಸಿಯನ್ ಗದ್ದುಗೆ ಏರಿದ್ದ. ಸ್ವದೇಶದವರನ್ನು ಕೊಂದು ಬಂದವನಿಗೆ ಪರದೇಶದ ಗೆಲುವು ತುರ್ತಾಗಿ ಬೇಕಿತ್ತು. ಹಾಗಾಗಿ ಚಿನ್ನ, ಬೆಳ್ಳಿ, ಹಿತ್ತಾಳೆ ಎಲ್ಲದರಲ್ಲೂ ಖರ್ಜೂರದ ಮರ. ಆ ನಾಣ್ಯ ಹೊರಬಂದ 71ರಲ್ಲಿ ದಂಗೆಕೋರರ ಕೈಲಿದ್ದ ಮಸಾಡ ಕೋಟೆ ಇನ್ನೂ ಬಿದ್ದಿರಲಿಲ್ಲ ಎಂಬುದೂ ನೆನಪಿರಲಿ. ಆರು ದಶಕದ ಮೇಲೆ, 132ರಿಂದ 135ರವರೆಗೆ ನಡೆದ ಬಾರ್ ಕೊಖ್ಬಾ ದಂಗೆಯಲ್ಲಿ ಯೆಹೂದ್ಯರು ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ತೆಗೆದುಕೊಂಡು ಚಕ್ರವರ್ತಿಯ ಮುಖದ ಮೇಲೆ ತಮ್ಮ ಅಚ್ಚು ಒತ್ತಿದರು. ಕೆಲವುಗಳಲ್ಲಿ ಅಡಿಯಿಂದ ಹಳೆಯ ರೋಮನ್ ಅಕ್ಷರ ಇಣುಕುತ್ತದೆ.

ಡೊಮಿಶಿಯನ್ನನ 'ಜರ್ಮಾನಿಯಾ ಕಾಪ್ಟಾ' ಸೆಸ್ಟರ್ಷಿಯಸ್ 85ರದು. ಅಪ್ಪನ ಯೂದಾಯ ನಾಣ್ಯದ ಮಾದರಿಯನ್ನೇ ಮಗ ಎತ್ತಿಕೊಂಡ. ರೈನ್ ನದಿಯಾಚೆ ಅವನು ಗಳಿಸಿದ್ದು ಗಡಿಯ ಒಂದಿಷ್ಟು ನೆಲ. ಜರ್ಮಾನಿಯಾ ಹಾಗೇ ಇತ್ತು. ಇತಿಹಾಸಕಾರ ಟ್ಯಾಸಿಟಸ್ ಇದನ್ನು ಚೆನ್ನಾಗಿಯೇ ಗೇಲಿ ಮಾಡಿದ್ದಾನೆ: ಜರ್ಮನ್ನರ ಮೇಲೆ ವಿಜಯೋತ್ಸವ ನಡೆದಷ್ಟು ವಿಜಯ ಸಿಕ್ಕಿಲ್ಲ ಎಂಬ ಅರ್ಥದಲ್ಲಿ. ಟ್ಯಾಸಿಟಸ್‌ಗೆ ಡೊಮಿಶಿಯನ್ನನ ಮೇಲೆ ಸಿಟ್ಟಿತ್ತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಆದರೆ ಮಾತು ಸುಳ್ಳಲ್ಲ.

ಕ್ಲಾಡಿಯಸ್‌ನ ಬ್ರಿಟನ್ ನಾಣ್ಯದ್ದು ಇನ್ನೊಂದು ಬಗೆ. 43ರಲ್ಲಿ ದಾಳಿ; ಚಕ್ರವರ್ತಿ ತಾನೇ ಅಲ್ಲಿದ್ದದ್ದು ಹದಿನಾರು ದಿನ. 46–47ರ ಆರಿಯಸ್, ಡಿನೇರಿಯಸ್‌ಗಳಲ್ಲಿ ಒಂದು ವಿಜಯ ಕಮಾನು, ಮೇಲೆ ಕುದುರೆ ಸವಾರನ ಪ್ರತಿಮೆ, ಅಡ್ಡಪಟ್ಟಿಯಲ್ಲಿ 'ಬ್ರಿಟನ್ನರ ಮೇಲೆ' ಎಂಬ ಬರಹ. ರೋಮಿನಲ್ಲಿ ಆ ಕಮಾನಿನ ಉದ್ಘಾಟನೆ ಆದದ್ದು 51ರಲ್ಲಿ. ನಾಣ್ಯದಲ್ಲಿ ಕಟ್ಟಡ ಕಂಡರೆ ಆಗ ಅದು ಎದ್ದು ನಿಂತಿತ್ತೆಂದು ತಿಳಿಯಬೇಡಿ. ನಕ್ಷೆ ಮಂಜೂರಾಗಿದ್ದರೂ ಸಾಕು.

ಮೂರನೇ ಶತಮಾನಕ್ಕೆ ಬಂದರೆ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿಕೊಳ್ಳಿ. 244ರಲ್ಲಿ ಚಕ್ರವರ್ತಿ ಫಿಲಿಪ್ 'ಪರ್ಷಿಯನ್ನರೊಡನೆ ಶಾಂತಿ ಸ್ಥಾಪನೆ' ಎಂದು ನಾಣ್ಯ ಹೊರಡಿಸಿದ. ಆ ಶಾಂತಿಗೆ ಐದು ಲಕ್ಷ ದಿನಾರ್ ತೆತ್ತನೆಂದು ಪರ್ಷಿಯಾದ ದೊರೆ ಮೊದಲನೇ ಶಾಪುರ್ ನಕ್ಷ್-ಎ-ರುಸ್ತಮ್‌ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ಚಕ್ರವರ್ತಿ ವಲೇರಿಯನ್ 'ಪಾರ್ಥಿಯಾ ವಿಜಯ'ದ ನಾಣ್ಯ ಹಾಕಿಸಿದ ಕೆಲವೇ ವರ್ಷಗಳಲ್ಲಿ, 260ರಲ್ಲಿ, ಎಡೆಸ್ಸಾ ಬಳಿ ಅದೇ ಶಾಪುರ್‌ನ ಕೈಗೆ ಸೆರೆಸಿಕ್ಕ. ಬಂಡೆಯಲ್ಲಿ ಕೆತ್ತಿದ ಶಾಪುರ್‌ನ ವಿಜಯಚಿತ್ರ ಇಂದಿಗೂ ಇರಾನಿನಲ್ಲಿದೆ. ನಾಣ್ಯ, ಬಂಡೆ ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಕಥೆ ಪೂರ್ತಿಯಾಗುತ್ತದೆ.

ನಾನು ಪಾಲಿಸುವ ಲೆಕ್ಕ ಸರಳ. ನಾಡಿನ ಹೆಸರು, ಆ ನಾಡಿನದೇ ಆಯುಧ, ಹೊಂದುವ ವರ್ಷ ಮೂರೂ ಇದ್ದರೆ ಅಲ್ಲೊಂದು ಯುದ್ಧವಂತೂ ನಡೆದಿದೆ; ಎಷ್ಟು ದೊಡ್ಡ ಗೆಲುವು ಎಂಬುದು ಮುಂದಿನ ಪ್ರಶ್ನೆ. 'ಚಕ್ರವರ್ತಿಯ ವಿಜಯ' ಎಂದಷ್ಟೇ ಇದ್ದು ಸೋತವರ ಹೆಸರೇ ಇಲ್ಲದಿದ್ದರೆ, ಅದು ಸುದ್ದಿಗಿಂತ ಹಾರೈಕೆ.

ಹೆಜ್ಜೆ 6: ಕೊನೆಗಾಲದ ಪುಟ್ಟ ನಾಣ್ಯಗಳಾದರೆ ತಳದ ಅಕ್ಷರ ನೋಡಿ

ಹೊಸದಾಗಿ ಸಂಗ್ರಹ ಶುರುಮಾಡುವವರ ಕೈಗೆ ಮೊದಲು ಬರುವುದು ನಾಲ್ಕನೇ ಶತಮಾನದ ಪುಟ್ಟ ಕಂಚಿನ ನಾಣ್ಯ. ಇವುಗಳಲ್ಲಿ ಚಿತ್ರದ ಕೆಳಗಿನ ಗೆರೆಯ ಅಡಿಯಲ್ಲಿ ಟಂಕಸಾಲೆಯ ಗುರುತು ಇರುತ್ತದೆ. ಕಾನ್‌ಸ್ಟಂಟೈನ್‌ನ 'ಸರ್ಮಾಟಿಯಾ ಡೆವಿಕ್ಟಾ' 323–324ರದು: ವಿಕ್ಟೋರಿಯಾ ವಿಜಯಕಂಬ ಹೊತ್ತು, ನೆಲದಲ್ಲಿ ಕೂತ ಸೆರೆಯಾಳನ್ನು ಒದೆಯುತ್ತ ಸಾಗುತ್ತಾಳೆ. ಕೆಳಗೆ ಎಸ್-ಐ-ಆರ್-ಎಂ ಇದ್ದರೆ ಈಗಿನ ಸರ್ಬಿಯಾದ ಸಿರ್ಮಿಯಮ್, ಪಿ-ಎಲ್-ಒ-ಎನ್ ಇದ್ದರೆ ಲಂಡನ್. ಡಾನ್ಯೂಬ್ ತೀರದಲ್ಲಿ ಸರ್ಮಾಟಿಯನ್ನರ ಮೇಲಿನ ಗೆಲುವಿನ ಸುದ್ದಿಯನ್ನು ಸಾಮ್ರಾಜ್ಯದ ವಾಯವ್ಯ ತುದಿಯ ಟಂಕಸಾಲೆಯೂ ಹೊಡೆಯಿತು.

348ರಿಂದ ಶುರುವಾದ 'ಸುಖದ ದಿನಗಳು ಮರಳಿದವು' ಎಂಬ ಸರಣಿಯಲ್ಲಿ ಸೈನಿಕನೊಬ್ಬ ಕುದುರೆಯಿಂದ ಬೀಳುತ್ತಿರುವವನನ್ನು ಈಟಿಯಿಂದ ತಿವಿಯುತ್ತಾನೆ. ರ‍ಾಶಿರಾಶಿ ಸಿಗುವ ನಾಣ್ಯ ಇದು. ಯಾವ ಯುದ್ಧ, ಯಾವ ಶತ್ರು ಎಂದು ಬರಹದಲ್ಲಿ ಎಲ್ಲೂ ಇಲ್ಲ. ಮೇಲೆ ಹೇಳಿದ ಹಾರೈಕೆಯ ಗುಂಪಿಗೆ ಸೇರಿಸಿ, ಮುಂದೆ ಹೋಗಿ.

ಹೆಜ್ಜೆ 7: ಪಟ್ಟಿಯೊಡನೆ ತಾಳೆ ನೋಡಿ

ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯವರು ನಡೆಸುವ ಓಕ್ರೆ ಎಂಬ ಜಾಲತಾಣದಲ್ಲಿ ಚಕ್ರವರ್ತಿಗಳ ಕಾಲದ ನಾಣ್ಯಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಚಕ್ರವರ್ತಿ, ಲೋಹ, ಟಂಕಸಾಲೆ, ಬರಹದ ತುಣುಕು ಯಾವುದರಿಂದಲೂ ಹುಡುಕಬಹುದು. ಗಣರಾಜ್ಯದ ನಾಣ್ಯಗಳಿಗೂ ಅವರದೇ ಇನ್ನೊಂದು ತಾಣವಿದೆ. ಸವೆದ ನಾಣ್ಯವಾದರೆ ಓದಲು ಸಿಕ್ಕಷ್ಟು ಅಕ್ಷರ ಮಾತ್ರ ಹಾಕಿ. ಊಹೆಯ ಅಕ್ಷರ ಸೇರಿಸಿದರೆ ಹುಡುಕಾಟ ದಾರಿ ತಪ್ಪುತ್ತದೆ. ಪಟ್ಟಿಯ ಸಂಖ್ಯೆ ಬರೆದುಕೊಳ್ಳುವಾಗ ಯಾವ ಆವೃತ್ತಿ ಎಂಬುದನ್ನೂ ಬರೆಯಿರಿ. ವೆಸ್ಪಾಸಿಯನ್ನನ ನಾಣ್ಯಗಳಿಗೆ ಹಳೆಯ ಆವೃತ್ತಿಯ ಸಂಖ್ಯೆ ಬೇರೆ, ಹೊಸದರದ್ದು ಬೇರೆ. ಮಾರುವವರು ಎರಡನ್ನೂ ಬಳಸುತ್ತಾರೆ.

ಹೆಜ್ಜೆ 8: ನಕಲಿಯೋ ಎಂದು ನೋಡಿ

ಯೂದಾಯ ಕಾಪ್ಟಾದಂತೆ ಬೇಡಿಕೆ ಇರುವ ನಾಣ್ಯಕ್ಕೆ ನಕಲಿಗಳ ಕಾಟವೂ ಹೆಚ್ಚು. ಮೊದಲು ಅಂಚು ನೋಡಿ. ಅಸಲಿ ನಾಣ್ಯ ಎರಡು ಅಚ್ಚುಗಳ ನಡುವೆ ಸುತ್ತಿಗೆಯಿಂದ ಹೊಡೆದದ್ದು. ಹೊಡೆತಕ್ಕೆ ಅಂಚು ಅಲ್ಲಲ್ಲಿ ಬಿರಿದಿರುತ್ತದೆ. ಎರಕ ಹೊಯ್ದ ನಕಲಿಯ ಅಂಚಿನ ಸುತ್ತ ಬೆಸುಗೆಯಂಥ ಗೆರೆ, ಅಥವಾ ಅದನ್ನು ಅರದಿಂದ ಉಜ್ಜಿದ ಗುರುತು ಇರುತ್ತದೆ. ಮಸೂರದಲ್ಲಿ ನೋಡಿದರೆ ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳು, ಅಕ್ಷರದ ಅಂಚುಗಳು ಕರಗಿದ ಸೋಪಿನಂತೆ ಮೊಂಡು.

ಆಮೇಲೆ ಅಂತರಜಾಲದಲ್ಲಿ ಅದೇ ಬಗೆಯ ನಾಣ್ಯಗಳ ಫೋಟೊ ಸಾಲಾಗಿ ತೆರೆದು ನೋಡಿ. ಕೈಯಲ್ಲಿ ಹೊಡೆದ ನಾಣ್ಯಗಳಲ್ಲಿ ಒಂದರ ಆಕಾರ ಇನ್ನೊಂದಕ್ಕಿಲ್ಲ. ಎರಡು ನಾಣ್ಯಗಳಲ್ಲಿ ಅದೇ ಬಿರುಕು, ಅದೇ ಗೀರು, ಅದೇ ಕಡೆ ವಾಲಿದ ಚಿತ್ರ ಕಂಡರೆ ಎರಡೂ ಒಂದೇ ತಾಯಿನಾಣ್ಯದಿಂದ ತೆಗೆದ ಎರಕಗಳು. ಈ ಒಂದು ಪರೀಕ್ಷೆ ಮಾಡುವುದಕ್ಕೆ ನಾಣ್ಯ ಕೈಯಲ್ಲಿರಬೇಕಾಗಿಯೂ ಇಲ್ಲ.

ಹದಿನಾರನೇ ಶತಮಾನದಲ್ಲಿ ಇಟಲಿಯ ಪಾಡುವಾದ ಜೊವಾನಿ ಡಾ ಕಾವಿನೊ ಸೆಸ್ಟರ್ಷಿಯಸ್‌ಗಳ ಬಹು ಅಂದದ ಅನುಕರಣೆ ಮಾಡಿದ. ಅಕ್ಷರಗಳು ಅಸಲಿಗಿಂತ ಚೊಕ್ಕ! ಅವಕ್ಕೇ ಈಗ ಬೇರೆ ಬೆಲೆ ಇದೆ. ಇನ್ನೊಂದು ಕಡೆ, ತೂಕ ಕಡಿಮೆ ಇದ್ದು ಬೆಳ್ಳಿ ಸಿಪ್ಪೆಯಂತೆ ಎದ್ದು ಒಳಗೆ ತಾಮ್ರ ಕಂಡರೆ ಕೂಡಲೇ ಬಿಸಾಡಬೇಡಿ; ರೋಮನ್ನರ ಕಾಲದಲ್ಲೇ ತಾಮ್ರಕ್ಕೆ ಬೆಳ್ಳಿ ಹೊದಿಸಿ ಮಾಡಿದ ಕಳ್ಳನಾಣ್ಯ ಅದಾಗಿರಬಹುದು.

'ನಮ್ಮೂರ ಹೊಲದಲ್ಲಿ ಸಿಕ್ಕಿದ್ದು' ಎಂದು ಯಾರಾದರೂ ದೊಡ್ಡ ಹಿತ್ತಾಳೆ ನಾಣ್ಯ ತೋರಿಸಿದರೆ ಇನ್ನೂ ಹುಷಾರಾಗಿರಿ. ಕರ್ನಾಟಕದಲ್ಲಿ ರೋಮನ್ ನಾಣ್ಯ ಸಿಕ್ಕಿರುವುದು ನಿಜ: ಬೆಂಗಳೂರಿನ ಯಶವಂತಪುರದಲ್ಲಿ, ಎಚ್‌ಎಎಲ್ ಪ್ರದೇಶದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ. ಆದರೆ ಅವು ಬೆಳ್ಳಿಯ ಡಿನೇರಿಯಸ್‌ಗಳು. ದಕ್ಷಿಣ ಭಾರತಕ್ಕೆ ಹೇರಳವಾಗಿ ಬಂದವು ಆಗಸ್ಟಸ್, ಟೈಬೀರಿಯಸ್‌ರವು. ಅವುಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಎರಡು ಬಗೆಗಳಲ್ಲಿ ಆಗಸ್ಟಸ್‌ನ ಮೊಮ್ಮಕ್ಕಳಿಬ್ಬರು ಗುರಾಣಿ ಹಿಡಿದು ನಿಂತದ್ದು ಒಂದು, ಕೂತ ಹೆಣ್ಣಿನ ಟೈಬೀರಿಯಸ್ ನಾಣ್ಯ ಇನ್ನೊಂದು. ಗುರಾಣಿ, ಈಟಿ ಕಂಡರೂ ಮೊದಲನೆಯದು ಯುದ್ಧದ ನಾಣ್ಯವಲ್ಲ. ವಿಜಯದ ಚಿತ್ರ ನಮ್ಮ ನೆಲದಲ್ಲಿ ಬೇಕೆಂದರೆ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ಚಿನ್ನದ ನಿಧಿಯತ್ತ ನೋಡಬೇಕು. ಅದರಲ್ಲಿ ಪೂರ್ವ ರೋಮನ್ ಚಕ್ರವರ್ತಿಗಳ ಚಿನ್ನದ ನಾಣ್ಯವಾದ ಸಾಲಿಡಸ್‌ಗಳಿವೆ. ಆ ಕಾಲದ ಸಾಲಿಡಸ್‌ನ ಸಾಮಾನ್ಯ ಹಿಂಬದಿ ಎಂದರೆ ಉದ್ದ ಶಿಲುಬೆ ಹಿಡಿದ ವಿಕ್ಟೋರಿಯಾ, ಸುತ್ತ ಮೂರು ಜಿ ಇರುವ 'ಚಕ್ರವರ್ತಿಗಳ ವಿಜಯ'. ಮೂವರು ಚಕ್ರವರ್ತಿಗಳು ಇಲ್ಲದ ಕಾಲದಲ್ಲೂ ಆ ಮೂರು ಜಿ ರೂಢಿಯಿಂದ ಉಳಿದುಕೊಂಡಿತ್ತು.

ಹೆಜ್ಜೆ 9: ಕಾಪಿಡುವುದು, ಕಾನೂನು, ಚೀಟಿ

ತೊಳೆಯಬೇಡಿ. ಹುಣಸೆಹುಳಿ, ನಿಂಬೆಹಣ್ಣು, ಪಾತ್ರೆ ಬೆಳಗುವ ಪುಡಿ ಯಾವುದೂ ಬೇಡ. ಕಂಚಿನ ಮೇಲೆ ಗಟ್ಟಿಯಾಗಿ ಕೂತ ನಯವಾದ ಹಸಿರು ಪದರ ನಾಣ್ಯವನ್ನು ಕಾಯುತ್ತದೆ. ಉಗುರಿಗೆ ಪುಡಿಯಾಗಿ ಬರುವ ತಿಳಿಹಸಿರು ಕಿಲುಬು ಕಂಡರೆ ಅದು ರೋಗ. ಆ ನಾಣ್ಯವನ್ನು ಉಳಿದವುಗಳಿಂದ ಬೇರೆಯಿಟ್ಟು ಒಣಗಿದ ಜಾಗದಲ್ಲಿಡಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಪಿವಿಸಿ ಪ್ಲಾಸ್ಟಿಕ್ಕಿನ ಮೆತ್ತನೆಯ ಕವರುಗಳು ಕಾಲಕ್ರಮೇಣ ಲೋಹವನ್ನು ಕೆಡಿಸುತ್ತವೆ, ಅವು ಬೇಡ.

ಭಾರತದಲ್ಲಿ ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಅಣ್ಣನಿಗೋ ಸ್ನೇಹಿತನಿಗೋ ಉಡುಗೊರೆ ಎಂದು ಅಂಚೆಯಲ್ಲಿ ಹಾಕಿದರೂ ತಪ್ಪೇ. ನೆಲ ಅಗೆಯುವಾಗ ಸಿಕ್ಕರೆ ಅದು ನಿಧಿ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಕೊಂಡದ್ದಾದರೆ ರಸೀದಿ ಜೋಪಾನ.

ಕೊನೆಗೆ ಚೀಟಿ ಬರೆಯಿರಿ. ಹೀಗೆ: 'ವೆಸ್ಪಾಸಿಯನ್. ಸೆಸ್ಟರ್ಷಿಯಸ್, ರೋಮ್ ಟಂಕಸಾಲೆ, ಕ್ರಿ.ಶ. 71, ಕಾನ್ಸಲ್ 3ರಿಂದ. ತೂಕ, ಅಗಲ ಇಷ್ಟು. ಬರಹ: ಯೂದಾಯ ಕಾಪ್ಟಾ. ಚಿತ್ರ: ಖರ್ಜೂರದ ಮರ, ಎಡಕ್ಕೆ ಚಕ್ರವರ್ತಿ, ಬಲಕ್ಕೆ ದುಃಖಿಸುವ ಯೂದಾಯ. ನಡೆದದ್ದು: 66–70ರ ದಂಗೆ ಹತ್ತಿಕ್ಕಿದ್ದು, ಮಸಾಡ ಇನ್ನೂ ಬಿದ್ದಿಲ್ಲ.' ಅದರ ಕೆಳಗೆ ಎಲ್ಲಿ, ಯಾವಾಗ, ಯಾರಿಂದ ಕೊಂಡದ್ದು ಎಂಬುದು ಪೆನ್ಸಿಲ್ಲಿನಲ್ಲಿರಲಿ. ಶಾಯಿ ತೇವಕ್ಕೆ ಹರಡುತ್ತದೆ.